ಎಡಕ್ಕೆ ವಾಲಿದ ನೆರಿಗೆ

ಹೋಟೆಲು ಸುತ್ತುವ ಬಳಗದ ಊಟವಿರುವ ಭಾನುವಾರ ಎಡಚಕ್ಕ ಎದ್ದವಳೇ ಮೊದಲು ಆಲೂಗಡ್ಡೆ ಬೇಯಲಿಕ್ಕಿಡುತ್ತಿದ್ದಳು. ಅದು ಬೇಯುವಷ್ಟರಲ್ಲಿ ಅಕ್ಕಿ ತೊಳೆದು, ಸೊಪ್ಪು ಹೆಚ್ಚಿ, ಅತ್ತೆಯ ಹಲ್ಲಿಲ್ಲದ ಬಾಯಿಗೆ ಆಗುವಂತೆ ಎರಡು ಆಲೂಗಡ್ಡೆಯನ್ನು ಬೆಣ್ಣೆ ಹಾಕಿ ಕಿವುಚಿ ಬೇರೆ ಬಟ್ಟಲಲ್ಲಿ ಮುಚ್ಚಿಡುತ್ತಿದ್ದಳು. ಗಂಡನ ತಟ್ಟೆ, ಮಗಳ ತಟ್ಟೆ, ಅತ್ತೆಯ ಬಟ್ಟಲು ಮೇಜಿನ ಮೇಲೆ ಸಾಲಾಗಿ ಕೂತಮೇಲೆ ಒಲೆಯ ಕಟ್ಟೆ ಒರೆಸಿ ಬಟ್ಟೆ ಬದಲಿಸುತ್ತಿದ್ದಳು. ಇಷ್ಟೆಲ್ಲ ಮಾಡಿಟ್ಟು ಹೊರಟರೂ ಮನೆಯವರ ಬಾಯಲ್ಲಿ ಅವಳು ಒಲೆ ಆರಿಸಿ ತಿರುಗಲು ಹೋದವಳೇ.

"ಇವತ್ತು ಯಾವ ದೇಶಕ್ಕೆ ಸವಾರಿ?" ಎಂದು ಗಂಡ ಕೇಳಿದ. ಅವನು ಬಡಗಿ. ಮನೆಗೆ ಅಂಟಿಕೊಂಡೇ ಅವನ ಕಾರ್ಖಾನೆ. ರಜೆಯ ದಿನವೂ ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು.

"ಕೊರಿಯಾ."

"ಹೋದ ಸಲ?"

"ವಿಯೆಟ್ನಾಂ."

"ಪಾಸ್‌ಪೋರ್ಟ್ ಇಲ್ಲದೆ ಇಷ್ಟು ದೇಶ ಸುತ್ತಿದೋಳು ಈ ಬೀದೀಲೇ ನೀನೊಬ್ಬಳು."

"ನೀವೂ ಬನ್ನಿ, ಯಾರು ಬೇಡ ಅಂದ್ರು?"

ಬಡಗಿ ಕಿವಿಯ ಪೆನ್ಸಿಲ್ಲು ತೆಗೆದು ಮೊನೆ ನೋಡಿದ. ಅವಳು ಪ್ರತಿಸಲವೂ ಹಾಗೆ ಕರೆಯುತ್ತಿದ್ದಳು, ಅವನು ಪ್ರತಿಸಲವೂ ಹಾಗೆ ತಪ್ಪಿಸಿಕೊಳ್ಳುತ್ತಿದ್ದ. ಆ ಕರೆಯಲ್ಲಿ ಏನಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಗೋಡೆಗೆ ಒರಗಿ ಕೂತಿದ್ದ ಅತ್ತೆ ಮುಖವೆತ್ತಿದಳು. ಅವಳ ಎರಡೂ ಕಣ್ಣಿಗೆ ಪೊರೆ, ನಾಲ್ಕು ಜನ ಸೇರಿದಲ್ಲಿ ಕಿವಿಯೂ ಮಂದ. ಮನುಷ್ಯರು ಅವಳಿಗೆ ಬಣ್ಣಬಣ್ಣದ ಕಂಬಗಳ ಹಾಗೆ ಕಾಣುತ್ತಿದ್ದರು. "ಅಲ್ಲೂ ಆ ಗಂಟು ಕೊಡ್ತಾರೇನಮ್ಮಾ?"

"ಕೊಡ್ತಾರೆ ಅತ್ತೆ."

"ಹಿಟ್ಟಿನೊಳಗೆ ಪಲ್ಯ ಕಟ್ಟಿ ಬೇಯಿಸೋದಕ್ಕೆ ಅಷ್ಟು ದೂರ ಹೋಗಬೇಕಾ? ಗಂಟು ಕಟ್ಟೋದು ನಮಗೆ ಬರಲ್ವಾ?"

"ಅಜ್ಜಿ, ಅದು ಗಂಟಲ್ಲ, ಡಂಪ್ಲಿಂಗು," ಎಂದಳು ಮಗಳು, ತಲೆ ಬಾಚಿಕೊಳ್ಳುತ್ತ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳಿಗೆ ಬಾಯಿತುಂಬ ಹೆಸರು ಹೇಳಿ ಅಭ್ಯಾಸ.

"ಏನೋ ಒಂದು. ಒಳಗಿರೋದು ಹೊರಗೆ ಬರಬಾರದು, ಅಷ್ಟೇ ತಾನೆ?"

ಎಡಚಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಬಟ್ಟೆ ಹೊಲಿಯುವ ಅವಳ ಕತ್ತರಿ ಎಡಗೈಯದು, ಸೂಜಿ ಎಡಗೈಯದು, ಅವಳು ಹಿಡಿದ ನೆರಿಗೆಗಳೆಲ್ಲ ಉಳಿದ ದರ್ಜಿಗಳ ನೆರಿಗೆಗೆ ಬೆನ್ನು ಮಾಡಿ ಎಡಕ್ಕೆ ವಾಲುತ್ತಿದ್ದವು. ಅವಳಿಗೆ ಹುಟ್ಟಿದ ಮೊದಲ ಮಗು ಗಂಡು. ತೆವಳುವ ಕಾಲದಿಂದಲೂ ಮಷೀನಿನ ಬುಡದಲ್ಲೇ ಬೆಳೆದ. ಅವನದು ಬಲಗೈ, ಆದರೆ ತಾಯಿಯ ಬೆರಳು ನೋಡಿನೋಡಿಯೇ ಕಲಿತದ್ದರಿಂದ ಅವನು ಚಿಂದಿ ಬಟ್ಟೆಯಲ್ಲಿ ಹಿಡಿದ ನೆರಿಗೆಯೂ ಎಡಕ್ಕೇ ವಾಲುತ್ತಿತ್ತು. "ಕೈ ಅಪ್ಪಂದು, ಬುದ್ಧಿ ಅಮ್ಮಂದು," ಎಂದು ಅತ್ತೆ ನಗುತ್ತಿದ್ದಳು.

ಬಡಗಿಯ ಅಪ್ಪ ಹಳ್ಳಿಯಲ್ಲಿ ನೇಗಿಲು ಕೆತ್ತಿದವನು. ಬಡಗಿ ಪೇಟೆಗೆ ಬಂದು ಬಾಗಿಲು, ಬೀರು ಮಾಡಿದ. ಮಗ ಅದಕ್ಕಿಂತ ದೊಡ್ಡದೇನಾದರೂ ಮಾಡಿಯಾನು ಎಂದು ಕಾದಿದ್ದ. ಮಗನಿಗೆ ಮರ ಒಗ್ಗಲಿಲ್ಲ. ಪೇಟೆಯ ಒಂದು ಚೀನೀ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಸೇರಿ, ಅಲ್ಲಿಂದ ಹಿಟ್ಟು ನಾದುವ ಜಾಗಕ್ಕೆ ಬಡ್ತಿ ಪಡೆದ. ಒಂದು ಸಂಜೆ ಮನೆಗೆ ಹಿಟ್ಟು ತಂದು, ಅಮ್ಮನ ಎದುರು ಕೂತು ಡಂಪ್ಲಿಂಗು ಮಡಿಸಿ ತೋರಿಸಿದ. ಪುಟ್ಟ ಅರ್ಧಚಂದ್ರ, ಅಂಚಿನುದ್ದಕ್ಕೂ ನೆರಿಗೆ, ನೆರಿಗೆಗಳೆಲ್ಲ ಎಡಕ್ಕೆ. ಕೊನೆಯ ತುದಿಯನ್ನು ದಾರದ ತುದಿಯ ಹಾಗೆ ಒಳಕ್ಕೆ ಸಿಕ್ಕಿಸಿದ್ದ.

"ಅಲ್ಲಿನ ಮೇಸ್ತ್ರಿ ಬೈತಾನಮ್ಮಾ, ನಿಂದೊಂದೇ ಉಲ್ಟಾ ಅಂತ."

"ಬೈಲಿ ಬಿಡು. ಇದು ನಮ್ಮನೆ ಲಂಗದ ನೆರಿಗೆ."

ಅದೇ ವಾರ ಮೇಜಿನ ಮುಂದೆ ಜಗಳವಾಯಿತು. ಬಡಗಿಯ ಗಿರಾಕಿಯೊಬ್ಬ ಪಾತ್ರೆಯ ಆಳು ಬಾರದ ದಿನವೇ ಆ ಹೋಟೆಲಿಗೆ ಹೋಗಿ ಬಂದು, ಮಗ ಪಾತ್ರೆ ತಿಕ್ಕುವುದನ್ನು ಕಂಡೆನೆಂದು ನಾಲ್ಕು ಜನರೆದುರು ಆಡಿಕೊಂಡಿದ್ದ. ಬಡಗಿ ಮಾತಿಗೆ ಮಾತು ಬೆಳೆಸಿ, "ಊರೋರ ಎಂಜಲು ಬಳಿಯೋನಿಗೆ ನನ್ನ ಮನೆ ತಟ್ಟೆ ಯಾಕೆ?" ಎಂದು ಮಗನ ಮುಂದಿದ್ದ ತಟ್ಟೆಯನ್ನು ಎಳೆದುಕೊಂಡ. ಅನ್ನ ಕಲೆಸಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಹುಡುಗ ಕೈ ತೊಳೆಯದೆ ಎದ್ದು ಹೋದ. ಹೋದವನು ಬರಲಿಲ್ಲ.

ಆಮೇಲೆ ಎಡಚಕ್ಕ ಅವನನ್ನು ಒಮ್ಮೆ ಕಂಡಿದ್ದಳು. ವರ್ಷವೊಂದು ಕಳೆದಮೇಲೆ, ಕೇಳಿ ಕೇಳಿ, ಬೇರೊಂದು ಹೋಟೆಲಿನ ಹಿಂಬಾಗಿಲಲ್ಲಿ ಹಿಡಿದಳು. ಅವನು ಕೋಸಿನ ಸಿಪ್ಪೆಯ ಬುಟ್ಟಿ ಹಿಡಿದು ನಿಂತಿದ್ದ. ಗಲ್ಲದ ಮೂಳೆ ಕಾಣುತ್ತಿತ್ತು.

"ಮನೆಗೆ ನಡಿಯೋ."

"ತಟ್ಟೆ ಎಳೆದೋರು ಬಂದು ಕರೀಲಿ. ನೀನೊಬ್ಬಳೇ ಬರಬೇಡಮ್ಮಾ. ನೀನು ಬಂದುಹೋದರೆ ನನಗೆ ಆಮೇಲೆ ಕೆಲಸ ಮಾಡಕ್ಕಾಗಲ್ಲ."

ಅವಳು ಗಂಡನಿಗೆ ಹೇಳಿದಳು. ಗಂಡ, "ನಾನು ಹೋಗಿ ಅವನ ಕಾಲು ಹಿಡೀಬೇಕಾ?" ಎಂದ. ಅವಳು ತಡೆಯಲಾರದೆ ಮರುವಾರ ಮತ್ತೆ ಒಬ್ಬಳೇ ಹೋದಳು. ಹುಡುಗ ಆ ಕೆಲಸ ಬಿಟ್ಟಾಗಿತ್ತು. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಂದಿನಿಂದ ಅವಳ ಮನಸ್ಸಿನಲ್ಲೊಂದು ಮಾತು ಗಟ್ಟಿಯಾಗಿಹೋಯಿತು: ಹುಡುಗ ಸಿಕ್ಕರೂ ಅಪ್ಪ ಜೊತೆಗಿಲ್ಲದೆ ಮುಖ ತೋರಿಸಕೂಡದು. ತೋರಿಸಿದರೆ ಹಕ್ಕಿ ಗೂಡು ಬದಲಾಯಿಸುತ್ತದೆ.

ಊಟದ ಬಳಗ ಸಿಕ್ಕಿದ್ದು ಕೋಟಿನಿಂದ. ನಿವೃತ್ತರಾದ ಭೂಗೋಳದ ಮೇಡಂ ಒಬ್ಬರು ಕೋಟು ಸಡಿಲ ಮಾಡಿಸಲು ಬಂದವರು, "ಎಲ್ಲ ನಮ್ಮ ಬಳಗದ ಪುಣ್ಯ," ಎಂದು ಹೊಟ್ಟೆ ತಟ್ಟಿಕೊಂಡರು. ಪೇಟೆಯಲ್ಲೂ ಸುತ್ತಮುತ್ತಲೂ ಇರುವ ಏಷ್ಯಾದ ಹೋಟೆಲುಗಳನ್ನು ಒಂದೊಂದಾಗಿ ಹುಡುಕಿಕೊಂಡು ಹೋಗಿ, ವಾರ ಬಿಟ್ಟು ವಾರ ಒಟ್ಟಿಗೆ ಕೂತು ಉಣ್ಣುವ ಬಳಗ. ಬಸ್ ಡ್ರೈವರ್ ಒಬ್ಬ, ಇಬ್ಬರು ನರ್ಸಮ್ಮಂದಿರು, ಕನ್ನಡಕದ ಅಂಗಡಿಯವನು, ಅವನ ಹೆಂಡತಿ. ಒಮ್ಮೆ ಹೋದಲ್ಲಿಗೆ ಮತ್ತೆ ಹೋಗುವಂತಿಲ್ಲ. ಮೊದಲ ತುತ್ತಿಗೆ ಯಾರೂ ಮಾತಾಡುವಂತಿಲ್ಲ. ಆಮೇಲೆ ಪ್ರತಿಯೊಬ್ಬರೂ ಆ ರುಚಿಗೆ ತಮ್ಮ ಬಾಳಿನಲ್ಲಿ ಏನು ನೆನಪಾಯಿತೆಂದು ಹೇಳಬೇಕು. 'ಚೆನ್ನಾಗಿದೆ' ಎನ್ನುವುದು ಮಾತ್ರ ನಿಷೇಧ.

ಎಡಚಕ್ಕ ಕೋಟನ್ನು ಮಡಿಸುತ್ತ, "ನನ್ನನ್ನೂ ಸೇರಿಸಿಕೊಳ್ತೀರಾ ಮೇಡಂ?" ಎಂದು ಕೇಳಿಯೇಬಿಟ್ಟಳು. ಒಬ್ಬಳೇ ಹೆಂಗಸು ಹೋಟೆಲುಗಳಿಗೆ ನುಗ್ಗಿ ಅಡುಗೆಮನೆ ಇಣುಕಿದರೆ ಸುದ್ದಿಯಾಗುತ್ತದೆ. ಹತ್ತು ಜನರ ನಡುವೆ ಕೂತು ತಟ್ಟೆ ನೋಡಿದರೆ ಯಾರು ಕೇಳುತ್ತಾರೆ?

ಆ ಭಾನುವಾರ ಕೊರಿಯಾದ ಹೋಟೆಲಿನಲ್ಲಿ ಮೇಜಿನ ನಡುವೆಯೇ ಕೆಂಡದ ಒಲೆ ಇತ್ತು. ಸುತ್ತ ಹತ್ತಾರು ಪುಟ್ಟ ಬಟ್ಟಲು. ಹುಳಿಬರಿಸಿದ ಕೋಸು ಬಾಯಿಗಿಟ್ಟು ಎಲ್ಲರೂ ಮೌನವಾಗಿ ಅಗಿದರು. ಮೊದಲು ಬಾಯಿಬಿಟ್ಟವನು ಡ್ರೈವರ್.

"ಡಿಪೋಗೆ ಹೊಸ ಟೈರು ಬಂದ ದಿನದ ಹಾಗಿದೆ."

"ಟೈರು ತಿಂದಿದೀರಾ?"

"ತಿಂದಿಲ್ಲ ಮೇಡಂ. ಆ ದಿನ ಎಲ್ಲರಿಗೂ ಒಂದು ಥರ ಉತ್ಸಾಹ ಇರ್ತದಲ್ಲ, ಅದು."

"ನಡೀತದೆ," ಎಂದರು ಮೇಡಂ. "ನಿಮಗೇನು ನೆನಪಾಯ್ತು, ಎಡಚಕ್ಕ?"

"ಬಾವಿಕಟ್ಟೆ," ಎಂದಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಅವಳ ಗಮನವೆಲ್ಲ ಈಗಷ್ಟೇ ಬಂದ ಬಿದಿರಿನ ಬುಟ್ಟಿಯ ಮೇಲಿತ್ತು. ಮುಚ್ಚಳ ತೆಗೆದಾಗ ಹಬೆ ಎದ್ದಿತು. ಹಬೆ ಇಳಿಯುವವರೆಗೆ ಅವಳು ಉಸಿರು ಹಿಡಿದಿದ್ದಳು. ನೆರಿಗೆಗಳು ಬಲಕ್ಕೆ ವಾಲಿದ್ದವು.

"ಇವರದು ಒಂದೇ ಹಟ," ಎಂದಳು ನರ್ಸಮ್ಮ. "ಯಾವ ದೇಶಕ್ಕೆ ಹೋದರೂ ಆ ಗಂಟೇ ಬೇಕು. ತರಿಸ್ತಾರೆ, ಆಮೇಲೆ ತಿನ್ನಲ್ಲ."

ಅದಾದಮೇಲಿನ ಸಲ ಮೇಡಂ ಕರೆದುಕೊಂಡುಹೋದದ್ದು ಟೈರಿನ ಅಂಗಡಿಯ ಪಕ್ಕದ ಕಿರಿದಾದ ಜಾಗಕ್ಕೆ. ಉತ್ತರ ಚೀನಾದ ಅಡುಗೆಯಂತೆ. ಗೋಡೆಗೆ ಎಣ್ಣೆಯ ಪಸೆ, ಮೇಜಿಗೆ ಹೂವಿನ ಪ್ಲಾಸ್ಟಿಕ್ ಹೊದಿಕೆ, ಅಡುಗೆಮನೆಗೆ ಹಿಂದೆ ಮುಂದೆ ತೂಗುವ ಅರ್ಧ ಬಾಗಿಲು. ಬುಟ್ಟಿ ಬಂತು. ಹಬೆ ಇಳಿಯಿತು.

ನೆರಿಗೆಗಳು ಎಡಕ್ಕೆ ವಾಲಿದ್ದವು. ಒಂದಲ್ಲ, ಬುಟ್ಟಿಯ ಅಷ್ಟೂ. ಕೊನೆಯ ತುದಿ ಒಳಕ್ಕೆ ಸಿಕ್ಕಿಸಿದ ಹಾಗೇ ಅವಳಿಗೆ ಕಂಡಿತು.

ಅವಳು ಒಂದನ್ನು ಬಾಯಿಗಿಟ್ಟಳು. ಮೊದಲ ತುತ್ತಿನ ಮೌನ ಮುಗಿದು, ಸುತ್ತಿನ ಮಾತು ಅವಳವರೆಗೆ ಬಂದು ನಿಂತರೂ ಅವಳು ಅಗಿಯುತ್ತಲೇ ಇದ್ದಳು. ಕಣ್ಣಲ್ಲಿ ನೀರು ಬಂದಿತ್ತು.

"ಖಾರ ಆಯ್ತಾ?" ಎಂದ ಡ್ರೈವರ್, ನೀರಿನ ಲೋಟ ಮುಂದೆ ತಳ್ಳಿ.

"ಹೂಂ. ಖಾರ."

ತೂಗುವ ಬಾಗಿಲು ತೆರೆದಾಗಲೆಲ್ಲ ಒಳಗೊಂದು ಬೆನ್ನು ಕಾಣುತ್ತಿತ್ತು. ತೆಳ್ಳನೆ ಬೆನ್ನು, ತಲೆಗೆ ಬಿಳಿ ಟೋಪಿ, ಕೆಲಸದ ಮೇಲೆ ಬಾಗಿದ ಕತ್ತು. ಕತ್ತು ಹಾಗೆ ಬಾಗಿಸಬೇಡ, ನೋವು ಬರ್ತದೆ ಎಂದು ಎಷ್ಟು ಸಲ ಬೈದಿರಲಿಲ್ಲ ಅವಳು! ಎದ್ದು ಹೋಗಿ ಆ ಬಾಗಿಲು ನೂಕಿದರೆ ಮುಗಿಯಿತು. ಆದರೆ ಅವಳು ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದು ಕೂತಳು. ಬಡಿಸುವ ಹುಡುಗಿಯನ್ನು ಒಂದು ಮಾತೂ ಕೇಳಲಿಲ್ಲ.

ಮನೆಗೆ ಬಂದವಳು ಮೊದಲು ಹೇಳಿದ್ದು ಮಗಳಿಗೆ, ಬಟ್ಟೆ ಒಣಹಾಕುವ ನೆಪದಲ್ಲಿ.

"ನೋಡಿದೆಯಾ? ಮುಖ ನೋಡಿದೆಯಾ?" ಎಂದು ಮಗಳು ಒದ್ದೆ ದಿಂಬಿನ ಚೀಲ ಹಿಡಿದೇ ನಿಂತಳು.

"ಬೆನ್ನು ನೋಡಿದೆ."

"ಅಮ್ಮಾ, ನಾನು ನಾಳೆ ಹೋಗಿ ಇಣುಕಿ ಬರ್ತೀನಿ. ನನ್ನನ್ನ ಕಂಡರೇನು ಓಡಿಹೋಗ್ತಾನಾ?"

"ಬೇಡ. ನಿನ್ನ ಕಾಲು ಮುರೀತೀನಿ ನೋಡು. ಒಂದ್ಸಲ ನಾನು ಕೆಡಿಸಿದೀನಿ, ಸಾಕು. ಹೋದರೆ ಅಪ್ಪನ ಜೊತೆ ಹೋಗಬೇಕು."

"ಅಪ್ಪ ಬರ್ತಾರಾ?"

ಎಡಚಕ್ಕ ಮಗಳ ಕೈಯಿಂದ ದಿಂಬಿನ ಚೀಲ ಕಿತ್ತುಕೊಂಡು ಜಾಡಿಸಿ ಹಗ್ಗಕ್ಕೆ ಹಾಕಿದಳು.

ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಸುತ್ತಿಬಳಸಲಿಲ್ಲ.

"ಅವನು ಸಿಕ್ಕಿದಾನೆ. ನೀವು ಬರಬೇಕು."

ಬಡಗಿ ತುತ್ತನ್ನು ನುಂಗಿ ನೀರು ಕುಡಿದ. "ಇದಕ್ಕೇ ಏನು, ಇಷ್ಟು ದಿನ ದೇಶದೇಶ ತಿರುಗಿದ್ದು?"

"ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ಮನಿದ್ರಾ?"

"ತಡೀಲಿಲ್ವಲ್ಲ. ತಡೆದಿದ್ದರೆ ಕೇಳು."

"ಬರ್ತೀರೋ ಇಲ್ವೋ?"

"ಮಗ ಅಪ್ಪನ ಹತ್ರ ಬರಬೇಕು. ಅಪ್ಪ ಮಗನ ಹತ್ರ ಹೋಗೋದು ಎಲ್ಲಾದ್ರೂ ಉಂಟಾ?"

"ತಟ್ಟೆ ಎಳೆಯೋದು ಉಂಟಾ?" ಎಂದಳು ಮಗಳು.

"ಏಯ್, ನೀನು ಮುಚ್ಕೊಂಡು ಉಣ್ಣು."

"ಉಣ್ತೀನಪ್ಪಾ. ನನ್ನ ತಟ್ಟೆ ಗಟ್ಟಿಯಾಗಿ ಹಿಡ್ಕೊಂಡೇ ಉಣ್ತಿದೀನಿ."

ಬಡಗಿಯ ಕೈ ಮೇಜಿನಿಂದ ಒಂದಿಷ್ಟು ಎದ್ದಿತು. ಎದ್ದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಇಳಿಯಿತು. ಅವನು ಊಟ ಅರ್ಧಕ್ಕೆ ಬಿಟ್ಟು ಕಾರ್ಖಾನೆಗೆ ಹೋಗಿ ಬೆಳಕು ಹಾಕಿದ.

ಆ ವಾರವೆಲ್ಲ ಮನೆಯಲ್ಲಿ ಪಾತ್ರೆಗಳದೇ ಸದ್ದು. ಎಡಚಕ್ಕ ಬಡಿಸುತ್ತಿದ್ದಳು, ಅವನು ಉಣ್ಣುತ್ತಿದ್ದ. ಉಪ್ಪು ಬೇಕಾದರೆ ಮಗಳಿಗೆ ಹೇಳುತ್ತಿದ್ದ. ಗಿರಾಕಿಗಳ ಬಟ್ಟೆಯಲ್ಲಿ ಅವಳು ಎರಡು ಸಲ ತೋಳು ತಿರುಗಾಮುರುಗಾ ಕೂಡಿಸಿ ಬಿಚ್ಚಿದಳು.

ಕೊನೆಗೆ ಬಾಯಿಬಿಟ್ಟವಳು ಅತ್ತೆ. ಒಂದು ಬೆಳಗ್ಗೆ ಬಡಗಿ ಹಲ್ಲುಜ್ಜಿ ಬರುವುದನ್ನೇ ಕಾದಿದ್ದು, "ನೋಡೋ, ನನಗೆ ಆ ಗಂಟು ತಿನ್ನಬೇಕು ಅನಿಸಿಬಿಟ್ಟಿದೆ," ಎಂದಳು.

"ಏನಮ್ಮಾ ನಿಂದು? ಹಲ್ಲಿಲ್ಲ."

"ಮೆತ್ತಗಿರ್ತದಂತೆ. ಸಾಯೋ ಮೊದಲು ಒಂದ್ಸಲ ತಿಂತೀನಿ. ನಿನ್ನ ಹೆಂಡತಿ ಕೈ ಹಿಡಿದು ಕರ್ಕೊಂಡು ಹೋಗ್ತಾಳೆ, ಆದ್ರೆ ಮೆಟ್ಟಿಲು ಹತ್ತಿಸೋಕೆ ಅವಳ ಕೈಲಾಗಲ್ಲ. ನೀನೇ ಎತ್ತಬೇಕು."

"ಅಲ್ಲಿ ಮೆಟ್ಟಿಲಿಲ್ಲ ಅತ್ತೆ," ಎನ್ನಲು ಹೋದ ಎಡಚಕ್ಕ ನಾಲಿಗೆ ಕಚ್ಚಿಕೊಂಡಳು.

ಬಡಗಿ ಟವೆಲಿನಲ್ಲಿ ಮುಖ ಒರೆಸಿದ, ಒರೆಸಿದಲ್ಲೇ ಮತ್ತೆ ಒರೆಸಿದ. "ಅಮ್ಮ ಆಸೆ ಪಟ್ಟಿದಾಳೆ," ಎಂದ, ಯಾರಿಗೂ ಅಲ್ಲದೆ. "ಅಮ್ಮನಿಗೋಸ್ಕರ ಹೋಗೋದು. ಬೇರೆ ಏನೂ ಅಲ್ಲ."

"ಬೇರೆ ಏನೂ ಅಲ್ಲ," ಎಂದಳು ಅತ್ತೆ.

ಬಳಗದವರು ಈ ವಿಷಯ ಕೇಳಿ ಮೊದಲು ಗೊಣಗಿದರು. ಹೋದಲ್ಲಿಗೇ ಮತ್ತೆ ಹೋಗುವುದೆಂದರೆ ಕಟ್ಟಳೆ ಮುರಿದ ಹಾಗೆ. ಎಡಚಕ್ಕ ಅಷ್ಟು ದಿನ ಬಚ್ಚಿಟ್ಟುಕೊಂಡದ್ದನ್ನು ಮೇಡಂಗೆ ಹೇಳಿದಳು. ಮೇಡಂ ಕನ್ನಡಕ ತೆಗೆದು ಒರೆಸಿ, "ಭೂಮಿ ಗುಂಡಗಿದೆ. ಹೋದಲ್ಲಿಗೆ ಮತ್ತೆ ಬರೋದು ತಪ್ಪೇನಿಲ್ಲ," ಎಂದರು. ಡ್ರೈವರ್ ತಾನು ಅಜ್ಜಿಯನ್ನು ಕೂರಿಸಿಕೊಂಡು ಬರಲು ಗಾಡಿ ತರುತ್ತೇನೆಂದ.

ಇನ್ನು ಎರಡು ದಿನವಿದೆ ಎನ್ನುವಾಗ ಬಡಗಿ ಮಗಳನ್ನು ಕಾರ್ಖಾನೆಗೆ ಕರೆದ.

"ಅವರು ಆ ಹಿಟ್ಟು ಲಟ್ಟಿಸ್ತಾರಲ್ಲ, ಕೋಲು ಎಷ್ಟುದ್ದ ಇರ್ತದೆ?"

ಮಗಳು ಅಪ್ಪನ ಮುಖ ನೋಡಿದಳು. "ಅಣ್ಣ ತಂದಿದ್ನಲ್ಲಪ್ಪಾ ಒಂದು. ಗೇಣುದ್ದ. ಸಣ್ಣಗಿತ್ತು, ಹಿಡಿ ಇರಲಿಲ್ಲ."

"ಹಿಡಿ ಇಲ್ವಾ? ಹಾಗಾದ್ರೆ ನಡು ದಪ್ಪ ಇರಬೇಕು, ತುದಿ ಸಣ್ಣ." ಅವನು ಕಿವಿಯಿಂದ ಪೆನ್ಸಿಲ್ಲು ತೆಗೆದು ತುಂಡು ಮರದ ಮೇಲೆ ಗೆರೆ ಎಳೆದ. "ಅಮ್ಮಂಗೆ ಹೇಳಬೇಡ."

ಮಗಳು ಹೇಳಿದಳು. ಆ ಸಂಜೆ ಎಡಚಕ್ಕ ಮಷೀನು ನಿಲ್ಲಿಸಿ, ಗೋಡೆಯಾಚೆ ಮರ ಉಜ್ಜುವ ಸದ್ದನ್ನು ಕೇಳುತ್ತ ಕೂತಳು. ಬಾಗಿಲು, ಬೀರು ಉಜ್ಜುವ ಸದ್ದಲ್ಲ ಅದು. ಮಗುವಿನ ಬೆನ್ನು ಉಜ್ಜುವಷ್ಟು ಮೆಲ್ಲಗಿತ್ತು.

ಆ ಭಾನುವಾರ ಒಲೆಯ ಮೇಲೆ ಆಲೂಗಡ್ಡೆ ಇರಲಿಲ್ಲ. ಬಡಗಿ ಬೆಳಗ್ಗೆಯೇ ಗಡ್ಡ ಕೆರೆದು ಗಲ್ಲದಲ್ಲಿ ಗಾಯ ಮಾಡಿಕೊಂಡಿದ್ದ. ಹಳೆಯ ಕೋಟು ಹಾಕಿಕೊಂಡ. ಎಡಚಕ್ಕ ಹೊಸದಾಗಿ ಇಸ್ತ್ರಿ ಮಾಡಿಟ್ಟಿದ್ದಳು. ಕೋಟಿನ ಒಳಜೇಬು ಉದ್ದಕ್ಕೆ ಉಬ್ಬಿತ್ತು. ಅವಳು ಕಂಡೂ ಕಾಣದ ಹಾಗೆ ಇದ್ದಳು.

ಗಾಡಿಯಲ್ಲಿ ಅತ್ತೆ ಕೇಳಿದಳು, "ಅವನನ್ನ ಕಂಡ ಕೂಡಲೇ ಏನಂತೀಯೋ?"

"ಗಂಟು ತಿನ್ನೋಕೆ ಹೋಗ್ತಿರೋದಮ್ಮಾ ನಾವು."

"ಅದೇ, ಗಂಟು ತಿಂತಾ ಏನಂತೀಯ?"

ಬಡಗಿ ಕಿಟಕಿಯಾಚೆ ನೋಡಿದ. "ಊಟ ಆಯ್ತಾ ಅಂತೀನಿ," ಎಂದ.

ಬಳಗದವರು ಆಗಲೇ ಬಂದು ಎರಡು ಮೇಜು ಕೂಡಿಸಿದ್ದರು. ಬಡಗಿಯನ್ನು ತೂಗುವ ಬಾಗಿಲಿಗೆ ಎದುರಾಗಿ, ಅತ್ತೆಯನ್ನೂ ಮಗಳನ್ನೂ ಅವನ ಅಕ್ಕಪಕ್ಕ ಕೂರಿಸಿದರು. ಬುಟ್ಟಿ ಬಂದು, ಹಬೆ ಇಳಿದಾಗ ಎಡಚಕ್ಕ ಗಂಡನ ಕಡೆ ನೋಡಿದಳು. ಅವನು ಬಗ್ಗಿ, ಮರದ ಕೂಡಿಕೆ ಪರೀಕ್ಷೆ ಮಾಡುವ ಹಾಗೆ ಒಂದು ಕಣ್ಣು ಮುಚ್ಚಿ ನೆರಿಗೆ ನೋಡಿದ. ಬೆರಳಲ್ಲೇ ಎತ್ತಿ ಬಾಯಿಗಿಟ್ಟ. ಅವತ್ತು ಮೊದಲ ತುತ್ತಿನ ಮೌನವನ್ನು ಮುರಿಯುವ ಧೈರ್ಯ ಡ್ರೈವರಿಗೂ ಇರಲಿಲ್ಲ.

"ಚೆನ್ನಾಗಿದೆ," ಎಂದ ಬಡಗಿ. ನಿಷೇಧವೆಂದು ಯಾರೂ ಹೇಳಲಿಲ್ಲ. ಅವನು ಇನ್ನೊಂದು ತಿಂದ, ಮತ್ತೊಂದು ತಿಂದ. ಆಮೇಲೆ ಎರಡೂ ಕೈಯನ್ನು ತೊಡೆಗೆ ಒರೆಸಿಕೊಂಡು, ಬಡಿಸುವ ಹುಡುಗಿಯನ್ನು ಕರೆದ.

"ಇದನ್ನ ಮಾಡಿದೋರನ್ನ ಸ್ವಲ್ಪ ಕರೀತೀಯಾಮ್ಮ? ಅವರಪ್ಪ ಬಂದಿದಾರೆ ಅಂತ ಹೇಳು."

ಹುಡುಗಿ ಅರ್ಥವಾಗದೆ ಒಮ್ಮೆ ಎಲ್ಲರನ್ನೂ ನೋಡಿ ಒಳಗೆ ಹೋದಳು. ಬಾಗಿಲು ಹಿಂದೆ ಮುಂದೆ ತೂಗಿ ನಿಂತಿತು. ಬಡಗಿ ಎದ್ದು ನಿಂತು ಕೋಟಿನ ಗುಂಡಿ ಹಾಕಿದ, ತೆಗೆದ, ಹಾಕಿದ.

ಬಾಗಿಲು ತೆರೆದು ಬಂದವಳು ಒಬ್ಬ ಹೆಂಗಸು. ಮೂವತ್ತರ ಆಚೀಚೆ, ತೆಳ್ಳನೆಯ ಮೈ, ಬಿಳಿ ಟೋಪಿ. ಮೊಣಕೈವರೆಗೂ ಹಿಟ್ಟು. ಎಡಗೈಯಲ್ಲಿ ಚಮಚ ಹಿಡಿದೇ ಬಂದಿದ್ದಳು.

"ಯಾರು ಕರೆದದ್ದು? ನಮ್ಮಪ್ಪ ತೀರಿಕೊಂಡು ಎಷ್ಟೋ ವರ್ಷ ಆಯ್ತಲ್ಲ," ಎಂದಳು, ಗಾಬರಿಯಲ್ಲಿ ನಗುತ್ತ.

ಎಡಚಕ್ಕನ ಕಣ್ಣು ಆ ಚಮಚದ ಮೇಲೆ ನಿಂತಿತ್ತು. "ಒಳಗೆ ಬೇರೆ ಯಾರಿದಾರೆ?" ಎಂದಳು.

"ಯಾರೂ ಇಲ್ಲ. ನಾನು, ನಮ್ಮ ಯಜಮಾನರು. ಅವರು ನೂಡಲ್ಸು ಮಾಡ್ತಾರೆ, ಇದು ನನ್ನ ಕೆಲಸ. ಯಾಕೆ, ಏನಾದರೂ ಸಿಕ್ತಾ ಊಟದಲ್ಲಿ?"

"ಈ ನೆರಿಗೆ... ಯಾರು ಕಲಿಸಿದ್ದು?"

"ನಮ್ಮಮ್ಮ. ಅವಳದೂ ಎಡಗೈ."

ಅಷ್ಟರಲ್ಲಿ ಅತ್ತೆ ಕೂತಲ್ಲಿಂದ ಕೈ ಚಾಚಿದ್ದಳು. ಹತ್ತು ಜನರ ನಡುವೆ ಆ ಮಾತು ಅವಳ ಮಂದ ಕಿವಿಯನ್ನು ಮುಟ್ಟಿರಲಿಲ್ಲ. ಅವಳಿಗೆ ಕಂಡದ್ದು ಎದುರು ಬಂದು ನಿಂತ ಒಂದು ಬಿಳಿಯ ಕಂಬ. ಆ ಹಿಟ್ಟಿನ ಕೈಯನ್ನು ತಡಕಿ ಹಿಡಿದು, ಎರಡೂ ಅಂಗೈಯ ನಡುವೆ ಇಟ್ಟು ಸವರಿದಳು.

"ಎಷ್ಟು ತೆಳ್ಳಗಾಗಿದೀಯೋ," ಎಂದಳು. "ಬೆರಳೆಲ್ಲ ಹೆಣ್ಣುಮಕ್ಕಳ ಬೆರಳಿನ ಹಾಗಾಗಿದೆಯಲ್ಲೋ. ಹೊಟ್ಟೆತುಂಬ ಉಣ್ಣಲ್ವಾ? ನಿಮ್ಮಪ್ಪ ಬಂದಿದಾನೆ ನೋಡು. ಗಡ್ಡ ಕೆರಕೊಂಡು ಬಂದಿದಾನೆ. ಇನ್ನು ನೀನು ಏನೂ ಮನಸಲ್ಲಿಟ್ಟುಕೋಬೇಡ."

ಆ ಹೆಂಗಸು ಎಲ್ಲರ ಮುಖ ನೋಡಿದಳು. ನಗು ಹೋಗಿತ್ತು. ಏನು ತಿಳಿಯಿತೋ, ಕೈಯನ್ನು ಎಳೆದುಕೊಳ್ಳಲಿಲ್ಲ. ಮೊಣಕಾಲೂರಿ ಅಜ್ಜಿಯ ಮಟ್ಟಕ್ಕೆ ಕೂತಳು.

"ಅಮ್ಮಾ," ಎಂದ ಬಡಗಿ ಬಗ್ಗಿ, ತಾಯಿಯ ಕಿವಿಯ ಹತ್ತಿರ. "ಅಮ್ಮಾ, ಇವರು ಬೇರೆಯೋರು. ಬಿಡು."

"ಆಂ?"

"ಬೇರೆಯೋರಮ್ಮಾ. ಅವನಲ್ಲ."

ಅತ್ತೆ ಆ ಕೈಯನ್ನು ಇನ್ನೊಮ್ಮೆ ಸವರಿ ನೋಡಿ, ಮೆಲ್ಲಗೆ ಮೇಜಿನ ಮೇಲೆ ಇಟ್ಟಳು, ಒಡೆಯುವ ಸಾಮಾನನ್ನು ಇಡುವ ಹಾಗೆ.

ಬಡಗಿ ಕೋಟಿನೊಳಗಿಂದ ಕೋಲು ತೆಗೆದ. ನಡು ದಪ್ಪ, ತುದಿ ಸಣ್ಣ, ಬೆಣ್ಣೆಯಂತೆ ನುಣುಪು. "ಲಟ್ಟಿಸೋಕೆ ಅಂತ ಮಾಡಿದ್ದು. ತಗೊಳ್ಳಿ," ಎಂದ.

"ನನಗಾ?"

"ನಿಮಗೇ ತಂದದ್ದು."

ಅವಳು ಅದನ್ನು ಎಡಗೈಯಲ್ಲಿ ಹಿಡಿದು ತೂಕ ನೋಡಿ, "ಒಳ್ಳೆ ಮರ," ಎಂದಳು. ಬಡಗಿ ತಲೆಯಾಡಿಸಿ ಕೂತುಕೊಂಡ. ಬುಟ್ಟಿಯಲ್ಲಿ ಉಳಿದದ್ದನ್ನೆಲ್ಲ ಒಂದೂ ಬಿಡದೆ ತಿಂದ. ತಿನ್ನುವಾಗ ಯಾರ ಮುಖವನ್ನೂ ನೋಡಲಿಲ್ಲ.

ಮನೆಗೆ ಬಂದಮೇಲೆ ಎಡಚಕ್ಕ ಬೈಗುಳಕ್ಕಾಗಿ ಕಾದಳು. ಹತ್ತು ಜನರ ಮುಂದೆ ನಗೆಪಾಟಲು ಮಾಡಿದೆ ಎನ್ನಲಿ, ಕಣ್ಣಿಲ್ಲದ ಮುದುಕಿಯನ್ನು ಗೋಳು ಹೊಯ್ದೆ ಎನ್ನಲಿ, ಒಂದು ತಟ್ಟೆಯನ್ನಾದರೂ ನೆಲಕ್ಕೆ ಅಪ್ಪಳಿಸಲಿ ಎಂದು ಕಾದಳು. ಬಡಗಿ ಕೋಟು ಕಳಚಿ ಮೊಳೆಗೆ ನೇತುಹಾಕಿ, "ಅಮ್ಮಂಗೆ ಸ್ವಲ್ಪ ಹಾಲು ಬಿಸಿ ಮಾಡು, ಅವಳು ಏನೂ ತಿನ್ನಲಿಲ್ಲ," ಎಂದ. ಅಷ್ಟೇ. ನಾಲ್ಕು ವರ್ಷ ಅವಳು ಒಂದು ಮಾತಿಗೆ ಜೋತುಬಿದ್ದಿದ್ದಳು: ಈ ಮನುಷ್ಯ ಒಂದು ಹೆಜ್ಜೆ ಮುಂದಿಟ್ಟರೆ ಮಗ ಬರುತ್ತಾನೆ. ಮನುಷ್ಯ ಹೆಜ್ಜೆ ಇಟ್ಟಾಗಿತ್ತು. ಇನ್ನು ಯಾರನ್ನು ದೂರುವುದು?

ಹಾಲು ಉಕ್ಕಿ ಒಲೆಗೆ ಸುರಿಯಿತು. ಮಗಳು ಓಡಿಬಂದು ಆರಿಸಿದಳು.

"ನಾನು ಇಣುಕಿ ಬರ್ತೀನಿ ಅಂದಿದ್ದೆ," ಎಂದಳು ಮಗಳು, ಸಿಟ್ಟು ಅಳು ಎರಡೂ ಬೆರೆತು. "ನೀನೇ ಬಿಡಲಿಲ್ಲ. ಒಂದು ನಿಮಿಷದ ಕೆಲಸ ಆಗಿತ್ತಮ್ಮಾ."

"ಹೌದು," ಎಂದಳು ಎಡಚಕ್ಕ.

ಆಮೇಲೆ ಅವಳು ಬಳಗಕ್ಕೆ ಹೋಗಲಿಲ್ಲ. ಮೇಡಂ ಎರಡು ಸಲ ಬಂದು ಕರೆದರು. ಬಟ್ಟೆ ತುಂಬ ಇದೆ ಎಂದಳು. ಅತ್ತೆ ಗಂಟಿನ ಮಾತೆತ್ತಲಿಲ್ಲ. ಕೂತಲ್ಲೇ ಒಮ್ಮೊಮ್ಮೆ ಅಂಗೈಗೆ ಅಂಗೈ ಸವರಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಬೆಳಗ್ಗೆ ಅವಳು ಸೊಪ್ಪು ಹೆಚ್ಚುತ್ತಿದ್ದಾಗ ಬಡಗಿ ಕೋಟು ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ನಂದು ಅನ್ನ ಇಡಬೇಡ."

"ಎಲ್ಲಿಗೆ?"

"ಬಳಗಕ್ಕೆ. ಡ್ರೈವರ್ ಬರ್ತಾನೆ. ಇವತ್ತು ಪೇಟೆಯಿಂದಾಚೆಗಂತೆ, ಸೇತುವೆ ದಾಟಿ." ಸ್ವಲ್ಪ ತಡೆದು ಹೇಳಿದ, "ಒಂದು ಪುಟ್ಟ ಡಬ್ಬಿ ಇದ್ದರೆ ಕೊಡು."

ಅವನು ಮಧ್ಯಾಹ್ನ ಇಳಿಯುವ ಹೊತ್ತಿಗೆ ಮರಳಿದ. ಎಡಚಕ್ಕ ಮಷೀನಿನ ಮುಂದೆ ಇದ್ದಳು. ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ, ಕತ್ತರಿಸಿದ ಬಟ್ಟೆಯ ಮೇಲೆಯೇ ಇಟ್ಟ. ಒಳಗೆ ಒಂದೇ ಒಂದು ಡಂಪ್ಲಿಂಗು. ತಣ್ಣಗಾಗಿ ಡಬ್ಬಿಯ ತಳಕ್ಕೆ ಅಂಟಿಕೊಂಡಿತ್ತು.

"ನನಗೆ ನೆರಿಗೆ ಗೊತ್ತಾಗಲ್ಲ," ಎಂದ. "ನೀನು ನೋಡು."

ನೋಡಬೇಕಾದ್ದೇ ಇರಲಿಲ್ಲ. ನೆರಿಗೆಗಳು ಬಲಕ್ಕಿದ್ದವು. ಎಡಕ್ಕಿದ್ದರೂ ಏನಾಯಿತು, ಎಡಗೈಯ ತಾಯಂದಿರು ಲೋಕದಲ್ಲಿ ಎಷ್ಟು ಮಂದಿ ಇಲ್ಲ? ಇದು ಅವಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಅವನು ಕೋಟು ಕಳಚದೆ, ಕೂರದೆ, ಅವಳ ಬಾಯನ್ನೇ ನೋಡುತ್ತ ನಿಂತಿದ್ದ.

ಎಡಚಕ್ಕ ಅದನ್ನು ಹರಿಯದಂತೆ ಡಬ್ಬಿಯಿಂದ ಬಿಡಿಸಿ ಅಂಗೈಯಲ್ಲಿಟ್ಟುಕೊಂಡಳು. "ಇಲ್ಲಿ ಬೆಳಕು ಸಾಲದು," ಎಂದು ಕಿಟಕಿಯ ಹತ್ತಿರ ಹೋದಳು. ಅಲ್ಲಿ ಗಂಡನಿಗೆ ಬೆನ್ನು ಮಾಡಿ, ಒಂದೊಂದೇ ನೆರಿಗೆಯ ಮೇಲೆ ಬೆರಳಿಟ್ಟು, ಎಷ್ಟು ನಿಧಾನವಾಗಿ ನೋಡಬಹುದೋ ಅಷ್ಟು ನಿಧಾನವಾಗಿ ನೋಡತೊಡಗಿದಳು.